ಮೂವತ್ತಡಿ ಸಮುದ್ರ

ಸಮುದ್ರ ಬರೆಯುವ ಮುಂಚೆ ಅಂಟು ಕಾಯಿಸಬೇಕು. ಒಣಗಿದ ಅಂಟಿನ ಬಿಲ್ಲೆಗಳನ್ನು ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕರಗಿಸಬೇಕು. ಕುದಿಯಲು ಬಿಟ್ಟರೆ ಹಿಡಿತ ಹೋಯಿತು. ಬಣ್ಣದ ಪುಡಿಯನ್ನೆಲ್ಲ ಇದರಲ್ಲೇ ಕಲಸುವುದು. ಚರ್ಮ, ಮೂಳೆ ಬೇಯಿಸಿ ಮಾಡುವ ಈ ಅಂಟಿಗೆ ಚೆನ್ನೈಯ ಬಡಗಿಗಳೆಲ್ಲ ವಜ್ರಂ ಎನ್ನುತ್ತಾರೆ. ನಾವೂ ಹಾಗೇ ಅನ್ನುತ್ತೇವೆ. ವಾಸನೆ ಸತ್ತ ಎಮ್ಮೆಯದು. ಒಂದು ವಾರ ಕೆಲಸ ಮಾಡಿದರೆ ಬಸ್ಸಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತದೆ.

ವಡಪಳನಿಯ ಹಳೇ ಸ್ಟುಡಿಯೋ ಒಂದರ ಹಿಂದೆ ನಮ್ಮ ಶೆಡ್ಡು. ಸಿನಿಮಾ ಸೆಟ್ಟಿನ ಹಿಂದೆ ಕಟ್ಟುವ ದೊಡ್ಡ ಪರದೆಗಳನ್ನು ಅಲ್ಲಿ ಬರೆಯುತ್ತಿದ್ದರು. ಬಟ್ಟೆಯನ್ನು ನೆಲಕ್ಕೆ ಬಿಗಿದು, ಬಿದಿರಿಗೆ ಬ್ರಷ್ಷು ಕಟ್ಟಿ, ಬರಿಗಾಲಲ್ಲಿ ಅದರ ಮೇಲೇ ನಡೆದಾಡುತ್ತಾ ಬರೆಯುವುದು. ಕಾಡು, ಅರಮನೆ, ಬೀದಿ, ಆಕಾಶ ಏನು ಬೇಕಾದರೂ. ನಾನು ಸೇರಿದಾಗ ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಈ ಕೆಲಸ ಬಂದಾಗ ಉಳಿದಿದ್ದವರು ಇಬ್ಬರು, ನಾನು ಮತ್ತು ದೊಡ್ಡಪ್ಪ. ಈಗ ಸೆಟ್ಟಿನ ಹಿಂದೆ ಹಸಿರು ಬಟ್ಟೆ ಕಟ್ಟಿ, ಕಾಡನ್ನು ಕಂಪ್ಯೂಟರಿನಲ್ಲಿ ತುಂಬಿಸುತ್ತಾರೆ.

ದೊಡ್ಡಪ್ಪ ಎಂದರೆ ನನ್ನ ಅಪ್ಪನಿಗೆ ವರಸೆಯಲ್ಲಿ ಅಣ್ಣ. ನಂಜನಗೂಡಿನ ಕಡೆಯವರು. ನಾಟಕ ಕಂಪನಿಗಳ ಪರದೆ ಬರೆಯುತ್ತಾ ಊರೂರು ತಿರುಗಿ ಕೊನೆಗೆ ಇಲ್ಲಿ ನಿಂತವರು. ನಾನು ಏಳನೇ ಕ್ಲಾಸು ಫೇಲಾದ ಮೇಲೆ ಇವರ ಹತ್ತಿರ ತಂದು ಬಿಟ್ಟರು. ಬೇರೆ ಕೆಲಸ ನನಗೆ ಗೊತ್ತಿಲ್ಲ.

ಪರದೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಶೂಟಿಂಗ್ ಮುಗಿದರೆ ಬಟ್ಟೆ ವಾಪಸ್ ಬರುತ್ತದೆ. ಬಿಸಿನೀರು ಸುರಿದರೆ ವಜ್ರಂ ಬಿಟ್ಟುಕೊಳ್ಳುತ್ತದೆ, ಬಣ್ಣ ಮೋರಿಗೆ ಹೋಗುತ್ತದೆ, ಬಟ್ಟೆ ಮುಂದಿನ ಪರದೆಗೆ ಆಗುತ್ತದೆ. ತೊಳೆಯುವಾಗ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬಟ್ಟೆ ಮೇಲೆ ದೇವರಿದ್ದರೂ ಸರಿ, ಮನುಷ್ಯರಿದ್ದರೂ ಸರಿ, ಮೊದಲು ಕಣ್ಣು ತೊಳೆಯಬೇಕು. ಆಮೇಲೆ ಮಿಕ್ಕಿದ್ದು. ತಾನು ಹೋಗುವುದನ್ನು ಅದು ನೋಡಬಾರದು ಅಂತ. ನನಗೆ ಇದೆಲ್ಲ ಸುಮ್ಮನೆ ಟೈಮ್ ವೇಸ್ಟ್ ಅನ್ನಿಸುತ್ತಿತ್ತು. ಆದರೂ ಮಾಡುತ್ತಿದ್ದೆ, ಇಲ್ಲದಿದ್ದರೆ ದೊಡ್ಡಪ್ಪ ಬಿದಿರಲ್ಲಿ ಬಾರಿಸುತ್ತಿದ್ದರು.

ಇಸಿಆರ್ ರಸ್ತೆಯಲ್ಲಿ ಸಮುದ್ರದ ಪಕ್ಕ ಹೊಸ ಹೋಟೆಲ್ ಕಟ್ಟುತ್ತಿದ್ದರು. ಅದರ ಆರ್ಕಿಟೆಕ್ಟ್ ಮೇಡಂ ಒಂದು ದಿನ ಶೆಡ್ಡಿಗೆ ಬಂದರು. ಅವರ ಅಪ್ಪ ಅಮ್ಮ ಕನ್ನಡದವರೇ, ಅಪ್ಪ ರೈಲ್ವೆಯಲ್ಲಿದ್ದವರು. ನಾವು ಹೇಳಿದ್ದು ಮೇಡಂಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ರಿಸೆಪ್ಷನ್ ಗೋಡೆಗೆ ಒಂದು ದೊಡ್ಡ ಚಿತ್ರ ಬೇಕು ಅಂದರು. ಹಳೇ ಕಾಲದ ಯುರೋಪಿನವರು ಹಡಗಿನಲ್ಲಿ ಬಂದು ನಮ್ಮ ಕರಾವಳಿಯಲ್ಲಿ ಇಳಿಯುತ್ತಿರುವುದು. ಪ್ರಿಂಟ್ ಬೇಡ, ಕೈಯಲ್ಲಿ ಬರೆದದ್ದೇ ಬೇಕು. ಹೊಳಪು ಇರಬಾರದು, ಹಳೇ ನಾಟಕದ ಪರದೆಯ ಹಾಗೆ ಮಂಕಾಗಿರಬೇಕು. ಅಂದರೆ ವಜ್ರಂ ಕೆಲಸವೇ. ಅಂಗಡಿ ಪೇಂಟಿನಲ್ಲಿ ಆ ಮಂಕು ಬರುವುದಿಲ್ಲ.

ಅಳತೆ ಮೂವತ್ತಡಿ ಉದ್ದ, ಹದಿನಾರಡಿ ಎತ್ತರ. ದೊಡ್ಡಪ್ಪ ಯಾವಾಗಲೂ ಕೇಳುವ ಮೊದಲ ಪ್ರಶ್ನೆ ಕೇಳಿದರು.

"ಕ್ಯಾಮೆರಾ ಎಲ್ಲಿ ಮಡಗ್ತೀರವ್ವ?"

ಮೇಡಂ ನಕ್ಕರು. ಕ್ಯಾಮೆರಾ ಇಲ್ಲ, ಗೆಸ್ಟುಗಳು ನಿಂತು ನೋಡುತ್ತಾರೆ ಅಂದರು.

"ಅಂಗಾರೆ ಗೆಸ್ಟೇ ಕ್ಯಾಮೆರಾ," ಅಂದರು ದೊಡ್ಡಪ್ಪ. ಗೆಸ್ಟಿನ ಕಣ್ಣು ಎಂದರೆ ನೆಲದಿಂದ ಐದಡಿ. ಲೆಕ್ಕ ಮುಗಿಯಿತು.

ಗೋಡೆ ನೋಡಲೂ ಹೋಗಿದ್ದೆವು. ಆಗ ಅಲ್ಲಿ ಬರೀ ಸಿಮೆಂಟು, ಮರಳಿನ ರಾಶಿ. ನೆಲದಿಂದ ಚಾವಣಿಯವರೆಗೆ ಒಂದೇ ಗೋಡೆ. ದೊಡ್ಡಪ್ಪ ಅದರ ಮುಂದೆ ತುಂಬಾ ಹೊತ್ತು ನಿಂತರು. ವಾಪಸ್ ಬರುವಾಗ ಬಸ್ಸಲ್ಲಿ, ಯಾರಿಗೋ ಹೇಳುವ ಹಾಗೆ ಕಿಟಕಿ ಕಡೆ ನೋಡುತ್ತಾ ಹೇಳಿದರು.

"ನಾ ಬರ್ದಿದ್ದೆಲ್ಲ ಮೋರಿಗೇ ಹೋಯ್ತು ಕಣ್ಲಾ. ಒಂದಾದ್ರೂ ನಿಲ್ಲಬೇಕು."

ಸ್ಟುಡಿಯೋದವರು ಶೆಡ್ಡು ಖಾಲಿ ಮಾಡಿ ಅಂತ ಆಗಲೇ ಹೇಳಿಯಾಗಿತ್ತು. ದೊಡ್ಡಪ್ಪನ ಬಲಗೈ ನಡುಗುವುದು ಶುರುವಾಗಿತ್ತು. ಇದಾದ ಮೇಲೆ ಇನ್ನೊಂದು ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಕೆಲಸ ಶುರು ಮಾಡಿದೆವು. ದಪ್ಪ ಕಾಡಾ ಬಟ್ಟೆಯ ಪಟ್ಟಿಗಳನ್ನು ಹೊಲಿಸಿ, ನೆಲದ ಮೇಲೆ ಹಾಸಿ, ಸುತ್ತ ಮೊಳೆ ಹೊಡೆದು ಬಿಗಿದೆ. ತೆಳು ವಜ್ರಂಗೆ ಸೀಮೆಸುಣ್ಣದ ಪುಡಿ ಕಲಸಿ ಮೊದಲ ಕೋಟು. ಒಣಗಿದಾಗ ಬಟ್ಟೆ ತಮಟೆಯ ಹಾಗೆ ಬಿಗಿಯಾಗುತ್ತದೆ, ಬೆರಳಲ್ಲಿ ಹೊಡೆದರೆ ಸದ್ದು ಬರಬೇಕು. ಮೊದಲ ಸಲ ಅಂಟು ಜಾಸ್ತಿಯಾಗಿ ಒಂದು ಮೂಲೆ ಬಿರುಕು ಬಿಟ್ಟಿತು. ಅದನ್ನು ಕೆರೆದು, ಮತ್ತೆ ಬಳಿದೆ.

ಆಮೇಲೆ ಗೆರೆ. ಎಲ್ಲ ಪರದೆಗೂ ಗೆರೆಯೇ ಜೀವ. ಆಕಾಶ ಮತ್ತು ನೀರು ಸೇರುವ ಗೆರೆ ಕ್ಯಾಮೆರಾದ ಎತ್ತರಕ್ಕೆ ಸರಿಯಾಗಿ ಇರಬೇಕು. ದಾರಕ್ಕೆ ನೀಲಿ ಹಚ್ಚಿ, ಆ ತುದಿಯಲ್ಲಿ ದೊಡ್ಡಪ್ಪ, ಈ ತುದಿಯಲ್ಲಿ ನಾನು ಹಿಡಿದು, ಬಟ್ಟೆಯ ಕೆಳಗಿನ ಅಂಚಿನಿಂದ ಐದಡಿಗೆ ಎಳೆದು ಚಿಮ್ಮಿದೆವು. ಕ್ಯಾಮೆರಾ ಮನುಷ್ಯನ ಕಣ್ಣಿನ ಎತ್ತರದಲ್ಲಿದ್ದರೆ, ದಡದಲ್ಲಿ ನಿಂತ ಎಲ್ಲರ ಕಣ್ಣೂ ಅದೇ ಗೆರೆಗೆ ಬರುತ್ತದೆ. ಹತ್ತಿರ ನಿಂತವನ ಕಾಲು ಕೆಳಗಿರುತ್ತದೆ, ದೂರ ನಿಂತವನ ಕಾಲು ಮೇಲಿರುತ್ತದೆ, ತಲೆ ಮಾತ್ರ ಎಲ್ಲರದೂ ಒಂದೇ ಸಾಲು. ನಂಬಿಕೆ ಬರದಿದ್ದರೆ ಮರೀನಾ ಬೀಚಿಗೆ ಹೋಗಿ ಜನರನ್ನು ನೋಡಿ.

ಮೇಡಂ ಫೋನಿಗೆ ಒಂದಷ್ಟು ಚಿತ್ರ ಕಳಿಸಿದ್ದರು. ಎಲ್ಲವೂ ಬಿಳಿಯರು ಬರೆದವು. ಎಲ್ಲದರಲ್ಲೂ ಒಂದೇ ಕಥೆ. ದೊಡ್ಡ ಟೋಪಿಯ ಕ್ಯಾಪ್ಟನ್ ಮರಳಿನ ಮೇಲೆ ಬಾವುಟ ನೆಟ್ಟು ನಿಂತಿದ್ದಾನೆ, ಬೂಟಿಗೆ ಒಂದು ಹನಿ ನೀರು ತಾಕಿಲ್ಲ. ಸುತ್ತ ಊರಿನ ಜನ ಮಂಡಿಯೂರಿದ್ದಾರೆ. ಕೆಲವರ ತಲೆಗೆ ಹಕ್ಕಿಯ ಗರಿ. ಇದು ಯಾವ ಊರು ಅಂತ ದೊಡ್ಡಪ್ಪ ಕೇಳಿದರು. ಎಲ್ಲಿಯದೋ, ನಮ್ಮ ಕಡೆಗೆ ತಕ್ಕ ಹಾಗೆ ಮಾಡಿಕೊಳ್ಳಿ ಅಂತ ಉತ್ತರ ಬಂತು.

ದೊಡ್ಡಪ್ಪ ಮೊದಲು ಮಾಡಿದ ಸಣ್ಣ ಸ್ಕೆಚ್ಚಿನಲ್ಲಿ ಕ್ಯಾಪ್ಟನ್ ಒಬ್ಬ ಮೀನುಗಾರನ ಹೆಗಲ ಮೇಲೆ ಕೂತಿದ್ದ. ಆ ಕಾಲದಲ್ಲಿ ಇಲ್ಲಿ ಬಂದರು ಎಲ್ಲಿತ್ತು, ಹಡಗು ದೂರ ನಿಲ್ಲಬೇಕು, ದೋಣಿ ಅಲೆಯಲ್ಲಿ ಉರುಳುತ್ತದೆ, ಬೂಟು ಹಾಕಿಕೊಂಡವನನ್ನು ಹೊತ್ತುಕೊಂಡೇ ಬರಬೇಕು ಅನ್ನುವುದು ಅವರ ವಾದ. ಮೇಡಂಗೆ ಅದು ಇಷ್ಟವಾಯಿತು. ಹೋಟೆಲಿನ ಮ್ಯಾನೇಜರಿಗೆ ಆಗಲಿಲ್ಲ. ಫಾರಿನ್ ಗೆಸ್ಟುಗಳು ಬರುತ್ತಾರೆ, ಕೂಸುಮರಿ ಮಾಡಿದ ಹಾಗಿದೆ, ತೆಗೆಯಿರಿ ಅಂದರಂತೆ. ಕ್ಯಾಪ್ಟನ್ ಇಳಿದು ಮರಳಿನ ಮೇಲೆ ನಿಂತ, ಬಾವುಟವೂ ಬಂತು.

ಮಂಡಿಯೂರುವ ವಿಷಯಕ್ಕೆ ಮಾತ್ರ ದೊಡ್ಡಪ್ಪ ಒಪ್ಪಲಿಲ್ಲ. ನೀವು ಸ್ವಾಭಿಮಾನ ಅಂದುಕೊಳ್ಳಬೇಡಿ. ಮಂಡಿಯೂರಿದರೆ ತಲೆ ಗೆರೆಯಿಂದ ಕೆಳಗೆ ಬರುತ್ತದೆ, ಸಾಲು ಕೆಡುತ್ತದೆ, ಅಷ್ಟೇ. ಕೊನೆಗೆ ಇಬ್ಬರನ್ನು ಮಾತ್ರ ಮಂಡಿಯೂರಿಸಿದರು. ಅವರ ಕೈಗೆ ಒಂದು ಬಲೆ ಕೊಟ್ಟು, ಗಂಟು ಬಿಡಿಸುತ್ತಿರುವ ಹಾಗೆ ಮಾಡಿದರು. ಮ್ಯಾನೇಜರಿಗೆ ಅದು ನಮಸ್ಕಾರದ ಹಾಗೆ ಕಂಡಿತು. ಸರಿ ಅಂದರು.

ಆಕಾಶ ಮತ್ತು ನೀರು ನನ್ನ ಕೆಲಸ. ನೀಲಿಯನ್ನು ಒದ್ದೆಯಿದ್ದಾಗಲೇ ಎಳೆದುಕೊಂಡು ಹೋಗಬೇಕು, ನಡುವೆ ನಿಂತರೆ ಕಲೆ ಉಳಿಯುತ್ತದೆ. ಒದ್ದೆಯಲ್ಲಿ ಕಡು, ಒಣಗಿದ ಮೇಲೆ ಎರಡು ಪಾಲು ತೆಳು. ಅದನ್ನು ಮನಸ್ಸಲ್ಲಿ ಕಳೆದುಕೊಂಡೇ ಬಣ್ಣ ಕಲಸಬೇಕು. ಹಡಗುಗಳನ್ನು ಇಬ್ಬರೂ ಸೇರಿ ಬರೆದೆವು. ಹಗ್ಗಗಳು ಮಾತ್ರ ನಾನೇ, ಯಾಕೆಂದರೆ ದೊಡ್ಡಪ್ಪನ ಕೈ ನಿಲ್ಲುತ್ತಿರಲಿಲ್ಲ.

ದಡದ ಜನ ಅವರದ್ದು. ನಮ್ಮ ಶೆಡ್ಡಿನಲ್ಲಿ ಗುಂಪು ಬರೆಯುವಾಗ ನಮ್ಮವರ ಮುಖವನ್ನೇ ಹಾಕುವುದು ರೂಢಿ. ಸಿನಿಮಾದಲ್ಲಿ ಹಿಂದಿನ ಗುಂಪು ಮಸುಕಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ನಮ್ಮೊಳಗೆ ಒಂದು ತಮಾಷೆ. ಆದರೆ ಇಲ್ಲಿ ಮಸುಕು ಮಾಡಲು ಕ್ಯಾಮೆರಾ ಇಲ್ಲ. ದೊಡ್ಡಪ್ಪ ಒಬ್ಬೊಬ್ಬರನ್ನೂ ಪೂರ್ತಿ ಬರೆದರು. ಮೋಡ ಬರೆಯುತ್ತಿದ್ದ ಮಲಯಾಳಿ ಮುದುಕ, ಈಗಿಲ್ಲ. ನನಗೆ ಬ್ರಷ್ಷು ಹಿಡಿಯಲು ಕಲಿಸಿದ ಆಂಧ್ರದವನು, ಈಗ ಟಿ. ನಗರದ ಬಟ್ಟೆ ಅಂಗಡಿಯಲ್ಲಿ ವಾಚ್‌ಮನ್. ಕುಡಿದು ಸತ್ತವರಿಬ್ಬರು. ಎಲ್ಲರೂ ಪಂಚೆ ಕಟ್ಟಿಕೊಂಡು ಬರಿಮೈಯಲ್ಲಿ ನಿಂತು ಹಡಗು ನೋಡುತ್ತಿದ್ದರು.

ಎಡಗಡೆ ಎಲ್ಲರಿಗಿಂತ ಮುಂದೆ ದೊಡ್ಡಮ್ಮ. ದೊಡ್ಡಪ್ಪನ ಹೆಂಡತಿ. ತೀರಿಕೊಂಡು ಕೆಲವು ವರ್ಷ ಆಗಿತ್ತು. ಶೆಡ್ಡಿನಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಾ, ಪಕ್ಕದ ಒಲೆಯಲ್ಲಿ ವಜ್ರಂ ಕಾಯಿಸುತ್ತಿದ್ದವರು ಅವರೇ. ಎರಡು ಪಾತ್ರೆಯನ್ನೂ ಒಂದೇ ಕೋಲಲ್ಲಿ ತಿರುಗಿಸ್ತಾರೆ ಅಂತ ನಾವು ರೇಗಿಸುತ್ತಿದ್ದೆವು. ಚಿತ್ರದಲ್ಲಿ ಅವರೊಬ್ಬರು ಮಾತ್ರ ಹಡಗು ನೋಡುತ್ತಿರಲಿಲ್ಲ. ಅಂಟು ಕುದ್ದುಬಿಟ್ಟೀತು ಅಂತ ಕಾಯುವವರ ಹಾಗೆ, ನಿಂತಲ್ಲೇ ಸ್ವಲ್ಪ ಕೆಳಗೆ ಕಣ್ಣು ಹಾಕಿದ್ದರು. ಅವರ ಮುಖ ಬರೆಯುವಾಗ ದೊಡ್ಡಪ್ಪ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ನಾನು ಮೇಲಿನ ಅಟ್ಟಕ್ಕೆ ಹತ್ತಿ ನೋಡಿದೆ. ಬಟ್ಟೆ ನೆಲದಲ್ಲಿದ್ದಾಗ ಪೂರ್ತಿ ಕಾಣಬೇಕಾದರೆ ಅಟ್ಟದಿಂದಲೇ ನೋಡಬೇಕು. ಚೆನ್ನಾಗಿತ್ತು. ನಾನು ಹೊಗಳುವವನಲ್ಲ. ಚೆನ್ನಾಗಿತ್ತು.

ಬಟ್ಟೆಯನ್ನು ಮಡಚುವ ಹಾಗಿಲ್ಲ, ಬಣ್ಣ ಬಿರಿಯುತ್ತದೆ. ಉದ್ದ ಕೊಳವೆಗೆ ಸುತ್ತಿ, ಲಾರಿಯಲ್ಲಿ ಹೋಟೆಲಿಗೆ ಸಾಗಿಸಿದೆವು. ಒಳಗೆ ಹೋದಾಗ ಗೋಡೆ ಬದಲಾಗಿತ್ತು. ಕೆಳಗೆ ಕೌಂಟರು, ಅದರ ಹಿಂದೆ ಆಳಿಗಿಂತ ಎತ್ತರದ ತೇಗದ ಹಲಗೆ. ನಮ್ಮ ಬಟ್ಟೆ ಬಿಗಿಯುವ ಮರದ ಚೌಕಟ್ಟು ಆ ಹಲಗೆಯ ಮೇಲೆ ಕೂತಿತ್ತು. ಗೋಡೆ ಇಷ್ಟು ಎತ್ತರ ಇತ್ತಾ ಅಂತ ನನಗೆ ಆಗ ಗೊತ್ತಾಯಿತು.

ಹತ್ತಲು ಬಿದಿರಿನ ಸಾರವೆ ಕಟ್ಟಿ, ಬಟ್ಟೆ ಎತ್ತಿ, ಚೌಕಟ್ಟಿಗೆ ಬಿಗಿದು ಕೆಳಗಿಳಿದೆ. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದೆ.

ಸಮುದ್ರ ನಮ್ಮ ಮೇಲೆ ಸುರಿಯುತ್ತಿತ್ತು. ನೀರಿನ ಮೇಲ್ಭಾಗ ಕಾಣಬೇಕಾದರೆ ಅದು ಕಣ್ಣಿಗಿಂತ ಕೆಳಗಿರಬೇಕು. ಇಲ್ಲಿ ಹತ್ತಡಿ ಎತ್ತರದಲ್ಲಿ ನೀರು, ಆದರೂ ಮೇಲಿನಿಂದ ನೋಡಿದ ಹಾಗೆ ಬರೆದಿದೆ. ಮರಳು ಓರೆಯಾಗಿ ಜಾರುತ್ತಿತ್ತು, ಅದರ ಮೇಲೆ ನಿಂತವರು ಮುಗ್ಗರಿಸಿ ಕೌಂಟರಿನ ಮೇಲೆ ಬೀಳುವ ಹಾಗಿದ್ದರು. ಕ್ಯಾಪ್ಟನ್ ಬಾವುಟದ ಕೋಲು ಹಿಡಿದು ನೇತಾಡುತ್ತಿದ್ದ. ಕೌಂಟರಿನ ಹುಡುಗಿ ಎರಡು ಸಲ ತಲೆಯೆತ್ತಿ ನೋಡಿ, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು.

ನಮ್ಮ ಬಟ್ಟೆ ಯಾವತ್ತೂ ನೆಲದಿಂದ ಏಳುತ್ತದೆ. ನಮಗೆ ಬೇರೆ ಯೋಚನೆಯೇ ಬರಲಿಲ್ಲ. ಮೇಡಂಗೂ ಬರಲಿಲ್ಲ, ಗೋಡೆಯಲ್ಲಿ ಚಿತ್ರ ಎಲ್ಲಿಂದ ಶುರುವಾಗುತ್ತದೆ ಅಂತ ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಹೇಳಬೇಕು ಅಂತಲೇ ಅನ್ನಿಸಲಿಲ್ಲ. ಯಾರನ್ನು ಬೈಯುವುದು. ದೊಡ್ಡಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಆ ಹೊಳೆಯುವ ನೆಲದ ಮೇಲೆ ಕೂತುಬಿಟ್ಟರು. ಕೂತಾಗ ಇನ್ನೂ ಕೆಟ್ಟದಾಗಿ ಕಂಡಿರಬೇಕು.

ಮ್ಯಾನೇಜರ್ ಬಂದು ನೋಡಿ, ತಲೆ ಸುತ್ತುತ್ತದೆ, ಇಳಿಸಿ ಅಂದರು. ಓಪನಿಂಗ್ ಹತ್ತಿರ ಇತ್ತು, ಬೇರೆ ಬರೆಯಲು ಸಮಯ ಇರಲಿಲ್ಲ. ಮೇಡಂ ಏನೋ ಸಮಾಧಾನ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ. ಗೆರೆಯಿಂದ ಕೆಳಗಿನದ್ದನ್ನು ಕತ್ತರಿಸಿದರೆ ಹಡಗು ಮತ್ತು ಆಕಾಶ ಉಳಿಯುತ್ತದೆ, ಅದು ಎಷ್ಟು ಎತ್ತರದಲ್ಲಿದ್ದರೂ ಸರಿಯಾಗಿ ಕಾಣುತ್ತದೆ ಅಂತ ಹೇಳಿದೆ. ಮ್ಯಾನೇಜರ್ ಒಪ್ಪಿದರು. ಕ್ಯಾಪ್ಟನ್ ಮಾತ್ರ ಎಲ್ಲಾದರೂ ಇರಬೇಕು ಅಂದರು. ದೊಡ್ಡಪ್ಪ ಎದ್ದು ಚಪ್ಪಲಿ ಹಾಕಿಕೊಂಡರು. ಬೇರೆ ದಾರಿ ಇರಲಿಲ್ಲ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಬಟ್ಟೆ ವಾಪಸ್ ಶೆಡ್ಡಿಗೆ ಬಂತು. ನೆಲಕ್ಕೆ ಹಾಸಿದೆವು.

"ಎಲ್ಲಿಗೆ ಕುಯ್ಯದು?" ಅಂತ ಕೇಳಿದೆ.

"ಗೆರೆಯಿಂದ ಒಂದು ಗೇಣು ಕೆಳಕ್ಕೆ. ಹಡಗಿನ ತಳ ಉಳೀಬೇಕಲ್ಲ."

"ಅಲ್ಲಿಗೆ ಕುಯ್ದರೆ ತಲೆಗಳೆಲ್ಲ ಮೇಲೆ ಉಳ್ಕೋತವೆ."

"ತಲೆ ಮ್ಯಾಲೆ ನೀರು ಬಳಿ."

ದಾರ ಚಿಮ್ಮಿದೆವು. ನೀಲಿ ಗೆರೆ ಎಲ್ಲರ ಕತ್ತಿನ ಮೇಲೆ ಬಿತ್ತು. ನಾನು ಬಲಗಡೆಯಿಂದ ಕತ್ತರಿ ಹಾಕಿದೆ. ವಜ್ರಂ ಹಿಡಿದ ಬಟ್ಟೆ ಗರಗರ ಅನ್ನುತ್ತದೆ, ಹಪ್ಪಳ ಮುರಿದ ಹಾಗೆ. ಮಲಯಾಳಿ ಮುದುಕ, ಆಂಧ್ರದವನು, ಕ್ಯಾಪ್ಟನ್, ಎಲ್ಲರದ್ದೂ ಆಯಿತು. ಮಂಡಿಯೂರಿದ ಇಬ್ಬರ ತಲೆ ಮಾತ್ರ ಕೆಳಗಿನ ಪಟ್ಟಿಯಲ್ಲಿ ಸುರಕ್ಷಿತವಾಗಿ ಉಳಿಯಿತು. ಅವರಿಗೆ ದೊಡ್ಡಪ್ಪ ಯಾರ ಮುಖವನ್ನೂ ಕೊಟ್ಟಿರಲಿಲ್ಲ.

ಎಡಗಡೆಗೆ ಬಂದಾಗ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು.

"ಇದ ಬುಡು. ನಾ ಕುಯ್ತೀನಿ."

ಕತ್ತರಿ ತೆಗೆದುಕೊಂಡು, ಗೆರೆ ಬಿಟ್ಟು ಮೇಲಕ್ಕೆ ಅದರ ತುದಿ ಆಡಿಸಿ ತೋರಿಸಿದರು. ದೊಡ್ಡಮ್ಮನ ಹೆಗಲು, ಕಿವಿ, ತುರುಬು, ಸುತ್ತಿಕೊಂಡು ಇನ್ನೊಂದು ಹೆಗಲಿಗೆ ಇಳಿಯಬೇಕು ಅಂತ ಅವರ ಲೆಕ್ಕ. ತಲೆ ಕೆಳಗಿನ ಪಟ್ಟಿಯ ಜೊತೆ ಬರುತ್ತದೆ. ಹಡಗಿನ ಬಟ್ಟೆಯಲ್ಲಿ ತಲೆಯಷ್ಟು ತೂತು ಆಗುತ್ತದೆ. ಅದಕ್ಕೆ ಹಿಂದಿನಿಂದ ತೇಪೆ ಹಾಕಬೇಕು.

ನಾನು ಬಿಡಲಿಲ್ಲ. ಹೊಲಿದರೆ ಹೊಲಿಗೆ ಬೆಳಕಿಗೆ ಎದ್ದು ಕಾಣುತ್ತದೆ. ಬಿಳಿ ಗೋಂದು ಹಾಕಿದರೆ ಸುತ್ತಲಿನ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ, ಒಂದು ತುಂಡಿನ ಮೇಲೆ ಹಾಕಿ ತೋರಿಸಿದೆ. ಉಳಿದದ್ದು ವಜ್ರಂ.

"ವಜ್ರಂ ತೇಪೆ ಅಲ್ಲಿ ನಿಲ್ಲಲ್ಲ ದೊಡ್ಡಪ್ಪ. ಸಮುದ್ರದ ಗಾಳಿಗೆ ನೀರು ಕುಡೀತದೆ. ನೀವೇ ಹೇಳ್ಕೊಟ್ಟಿದ್ದು."

"ಗೊತ್ತು ಕಣ್ಲಾ."

"ಅದು ಎದ್ರೆ ಇಡೀ ಬಟ್ಟೆ ಇಳಿಸ್ತಾರೆ. ಒಂದಾದ್ರೂ ನಿಲ್ಲಬೇಕು ಅಂತಿದ್ರಲ್ಲ?"

ಅವರು ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಿಂತ್ರೆ ನಿಂತ್ಕಳ್ಲಿ. ಇವಳ ಕತ್ತು ಕುಯ್ದು ನಿಲ್ಸಕ್ಕೆ ನನ್ ಕೈಲಾಗಲ್ಲ."

ಆಮೇಲೆ ಅವರೇ ಕತ್ತರಿಸಿದರು. ಅಷ್ಟು ನಡುಗುವ ಕೈ, ತುರುಬಿನ ಒಂದು ಕೂದಲೂ ತಪ್ಪಲಿಲ್ಲ.

ನಾನು ತೇಪೆ ಅಂಟಿಸಿ, ಮೇಲೆ ತೂಕ ಇಟ್ಟು ಒಣಗಿಸಿದೆ. ಉಳಿದ ತಲೆಗಳ ಮೇಲೆ ನೀರು ಬಳಿದೆ. ಒಂದು ಕೋಟಿಗೆ ಹೋಗಲಿಲ್ಲ, ಹುಬ್ಬು ಕಣ್ಣು ನೀಲಿಯೊಳಗಿಂದ ಕಾಣುತ್ತಲೇ ಇತ್ತು. ಎರಡನೆಯದಕ್ಕೆ ಹೋಯಿತು. ತೇಪೆ ಅಡಗಿಸಲು ಅದರ ಮೇಲೇ ಒಂದು ದೋಣಿ ಬರೆದು, ದೋಣಿಯಲ್ಲಿ ಕ್ಯಾಪ್ಟನನ್ನು ನಿಲ್ಲಿಸಿದೆವು. ದೋಣಿಯ ಅರ್ಧ ಕೆಳಗಿನ ಅಂಚಿಗೆ ಕಟ್ಟಾಯಿತು. ತೇಪೆ ಸರಿಯಾಗಿ ಕ್ಯಾಪ್ಟನ್ ಹೊಟ್ಟೆಯ ಜಾಗಕ್ಕೆ ಬಂತು.

ಗೋಡೆಗೆ ಏರಿಸಿದಾಗ ಚೆನ್ನಾಗಿಯೇ ಕಂಡಿತು. ಹಡಗುಗಳು ತೇಗದ ಹಲಗೆಯ ಹಿಂದಿನಿಂದ ಎದ್ದು ಬರುವ ಹಾಗಿತ್ತು. ದಡ ಇಲ್ಲ, ಜನ ಇಲ್ಲ. ಹಡಗು ಎಲ್ಲಿಗೆ ಬಂತು ಅಂತ ಕೇಳಿದರೆ ಕೌಂಟರಿಗೆ ಬಂತು ಅನ್ನಬೇಕು. ಮ್ಯಾನೇಜರ್ ಕೈಕುಲುಕಿದರು. ದೊಡ್ಡಪ್ಪ ಬಾಗಿಲ ಹತ್ತಿರ ನಿಂತು ನೋಡಿದರು. ಹೊರಗೆ ಬಂದು ಟೀ ಕುಡಿಯುವಾಗ, ಮಳೆಗಾಲದವರೆಗೂ ಇರಬಹುದು ಅಂದರು.

ಅಷ್ಟು ದಿನವೂ ಇರಲಿಲ್ಲ. ಓಪನಿಂಗ್ ಆದ ಮೇಲೆ ಸಮುದ್ರದ ಕಡೆಯ ದೊಡ್ಡ ಬಾಗಿಲನ್ನು ಹಗಲೆಲ್ಲ ತೆರೆದಿಡುತ್ತಿದ್ದರು, ಗೆಸ್ಟುಗಳಿಗೆ ಗಾಳಿ ಬೇಕಂತೆ. ಮೇಡಂ ಫೋನಿನಲ್ಲಿ ಫೋಟೋ ಕಳಿಸಿದರು. ನಾನು ಓಡಿದೆ. ಕ್ಯಾಪ್ಟನ್ ಹೊಟ್ಟೆ ಉಬ್ಬಿತ್ತು. ತೇಪೆಯ ವಜ್ರಂ ನೀರು ಕುಡಿದು, ಬಟ್ಟೆ ಸಡಿಲವಾಗಿ, ಸರಿಯಾಗಿ ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿತ್ತು. ಲಗೇಜು ಹೊರುವವರು ನನ್ನನ್ನು ನೋಡಿ, ನೀನೇನಾ ಡಾಕ್ಟರು, ಎಷ್ಟು ತಿಂಗಳು ಅಂತ ಕೇಳಿದರು. ಗೆಸ್ಟುಗಳು ಅದರ ಕೆಳಗೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ನನಗೂ ನಗು ಬಂತು, ಏನು ಮಾಡುವುದು. ಮ್ಯಾನೇಜರಿಗೆ ಬರಲಿಲ್ಲ.

ಏಣಿ ಹಾಕಿ ಹಿಂದಿನಿಂದ ಒಣಗಿಸಲು ನೋಡಿದೆ. ಹೇರ್ ಡ್ರೈಯರ್ ಕೇಳಿ ತಂದೆ. ಬಿಸಿಗೆ ಅಂಟು ಇನ್ನೂ ಕರಗಿತು. ಅಂಚಿನ ಬಣ್ಣ ಒಡೆದು ಕ್ಯಾಪ್ಟನ್ ಕೋಟಿನಿಂದ ನೀಲಿ ನೀರು ತೇಗದ ಹಲಗೆಗೆ ಇಳಿಯಿತು. ಅಲ್ಲಿಗೆ ಮುಗಿಯಿತು.

ಈಗ ಆ ಗೋಡೆಯಲ್ಲಿ ವಿನೈಲ್ ಪ್ರಿಂಟ್ ಇದೆ. ಮೇಡಂ ಮೊದಲು ಕಳಿಸಿದ್ದ ಚಿತ್ರಗಳಲ್ಲಿ ಒಂದು. ಬಾವುಟ, ಒಣಗಿದ ಬೂಟು, ಮಂಡಿಯೂರಿದ ಜನ. ಅದರಲ್ಲೂ ಗೆರೆ ತಪ್ಪಾಗಿದೆ, ಮರಳು ಜಾರುತ್ತದೆ. ಅದರ ಬಗ್ಗೆ ಯಾರೂ ಏನೂ ಹೇಳಿಲ್ಲ. ಪ್ರಿಂಟ್ ಅಲ್ಲವಾ.

ಬಟ್ಟೆ ನಮಗೇ ವಾಪಸ್ ಬಂತು. ಶೆಡ್ಡು ಖಾಲಿ ಮಾಡುವ ವಾರ ಒಂದು ಸೀರಿಯಲ್‌ನವರು ಬಂದರು. ಅವರಿಗೆ ದೊಡ್ಡ ಹಸಿರು ಬಟ್ಟೆ ಬೇಕಿತ್ತು, ಅರ್ಜೆಂಟು. ಹೊಸ ಬಟ್ಟೆ ತಂದು ಹೊಲಿಸಲು ಸಮಯ ಇಲ್ಲ. ದೊಡ್ಡಪ್ಪ ಹಡಗಿನ ಬಟ್ಟೆ ತೋರಿಸಿ, ಇದನ್ನು ತೊಳೆದು ಬಳಿದು ಕೊಡು ಅಂದರು. ಎತ್ತರ ಸಾಲುವುದಿಲ್ಲ ಅಂದೆ.

"ಕೆಳಗಿಂದೂ ಸೇರಿಸಿ ಹೊಲ್ಸು."

ಕೆಳಗಿನದ್ದು ಎಂದರೆ ದಡದ ಪಟ್ಟಿ. ಅದು ಕೊಳವೆಗೆ ಸುತ್ತಿ ಮೂಲೆಯಲ್ಲಿ ನಿಂತಿತ್ತು. ದೊಡ್ಡಪ್ಪನ ಬಾಡಿಗೆ ಕೋಣೆ ಹತ್ತಡಿ. ಮೂವತ್ತಡಿಯ ಕೊಳವೆಯನ್ನು ಎಲ್ಲಿಡುವುದು, ಮಡಚಿದರೆ ಒಡೆಯುತ್ತದೆ. ದೊಡ್ಡಮ್ಮನಷ್ಟನ್ನು ಕತ್ತರಿಸಿಕೊಳ್ಳಿ ಅಂದೆ. ಅವರು ಪಟ್ಟಿಯನ್ನು ಬಿಡಿಸಿ ನೋಡಿದರು. ತಲೆ ಇಲ್ಲದ ಸಾಲು, ನಡುವೆ ಮಂಡಿಯೂರಿದ ಇಬ್ಬರು, ತುದಿಯಲ್ಲಿ ಒಬ್ಬರೇ ದೊಡ್ಡಮ್ಮ. ಇವಳೊಬ್ಬಳೇ ಆ ಕೋಣೆಯಲ್ಲಿ ನಿಂತುಕೊಂಡು ಏನು ಮಾಡ್ತಾಳೆ ಅಂದರು ದೊಡ್ಡಪ್ಪ.

ಅಂಗಳದಲ್ಲಿ ಡ್ರಮ್ಮಿನಲ್ಲಿ ನೀರು ಕಾಯಿಸಿ ಹಡಗಿನ ಬಟ್ಟೆಯಿಂದ ಶುರು ಮಾಡಿದೆ. ಕ್ಯಾಪ್ಟನ್ ಕಣ್ಣು ಮೊದಲು ತೊಳೆದೆ. ಆಮೇಲೆ ನೀರು ಸುರಿದೆ. ತೇಪೆ ತಾನಾಗಿ ಬಿದ್ದುಹೋಯಿತು. ಮೇಲಿನ ನೀಲಿ ಕೋಟು ಕರಗಿ ಹರಿಯುತ್ತಿದ್ದಾಗ ಅದರ ಕೆಳಗಿನ ತಲೆಗಳು ಎದ್ದವು. ಮಲಯಾಳಿ ಮುದುಕ, ಆಂಧ್ರದವನು, ಎಲ್ಲರೂ, ಕಣ್ಣು ಬಿಟ್ಟುಕೊಂಡು. ನಾನು ಅವರನ್ನು ಮರೆತೇಬಿಟ್ಟಿದ್ದೆ. ಒದ್ದೆ ಬಟ್ಟೆ ಹಿಡಿದು ಕಣ್ಣು ತೊಳೆಯಲು ಓಡಿದೆ. ಒಬ್ಬರದ್ದೂ ಸಿಗಲಿಲ್ಲ. ನೀರು ನನಗಿಂತ ಮೊದಲೇ ಅಲ್ಲಿಗೆ ತಲುಪಿಯಾಗಿತ್ತು.

ಪಟ್ಟಿಯನ್ನು ಹಾಸಿದಾಗ ದೊಡ್ಡಪ್ಪ ಸ್ಟೂಲಿನಿಂದ ಎದ್ದು ಬಂದರು. ಕಷ್ಟಪಟ್ಟು ಕೆಳಗೆ ಕೂತರು. ಲೋಟದ ಬಿಸಿನೀರಿಗೆ ಹೆಬ್ಬೆರಳು ಅದ್ದಿ ದೊಡ್ಡಮ್ಮನ ಒಂದು ಕಣ್ಣು ಒರೆಸಿದರು, ಆಮೇಲೆ ಇನ್ನೊಂದು. ಹೆಬ್ಬೆರಳಿನ ಕಪ್ಪನ್ನು ಪಂಚೆಗೆ ಒರೆಸಿಕೊಂಡರು.

"ಹ್ಞೂಂ. ಬುಡು ನೀರು."

ಒಣಗಿದ ಮೇಲೆ ಎರಡೂ ಬಟ್ಟೆಯನ್ನು ಟೈಲರಿಗೆ ಕೊಟ್ಟೆ. ಪಟ್ಟಿಯಿಂದ ಮೇಲಕ್ಕೆ ಚಾಚಿದ ತಲೆಯ ಆಕಾರ ತನ್ನ ತೂತಿಗೆ ಸರಿಯಾಗಿ ಕೂತಿತು, ಟೈಲರ್ ಸುತ್ತ ಹೊಲಿದ. ನಾನು ಹಸಿರು ಬಳಿದೆ. ಗೆರೆ ಇಲ್ಲ, ಎತ್ತರ ಇಲ್ಲ, ಕ್ಯಾಮೆರಾ ಎಲ್ಲಿ ಅಂತ ಕೇಳುವುದೂ ಬೇಡ.

ಸೆಟ್ಟಿನಲ್ಲಿ ಕಟ್ಟಿದಾಗ ಲೈಟ್‌ಮ್ಯಾನ್ ನನ್ನನ್ನು ಕರೆದ. ಎಡಗಡೆ, ಆಳೆತ್ತರದಲ್ಲಿ, ಏನೋ ದುಂಡಗೆ ನೆರಳು ಬೀಳ್ತಿದೆ, ಏನಪ್ಪಾ ಅದು ಅಂತ ಕೇಳಿದ.

"ಏನಿಲ್ಲಣ್ಣ, ಹೊಲಿಗೆ," ಅಂದೆ. ಅದರ ಮೇಲೆ ಇನ್ನೊಂದು ಕೋಟು ಹಸಿರು ಬಳಿದೆ.